ನೀಲಿಯ ಹುಡುಗನೂ ಕೋತಿಯೂ

ಕಳೆದ ಬೇಸಿಗೆಯ ರಜೆಯಲ್ಲಿ ಗ್ರೀಸ್ ದೇಶಕ್ಕೆ ಸೇರಿದ ಕ್ರೇತದ್ವೀಪವನ್ನು ಸಂದರ್ಶಿಸುವ ಸುಯೋಗವು ನಮಗೆ ಒದಗಿತು. ತೀತನಿಗೆ ಬರೆದ ಪತ್ರಿಕೆಯನ್ನು ಓದಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಹೆಸರು ಹೊಸದಲ್ಲ. ಅಲ್ಲಿಯ ಹೆರಾಕ್ಲಿಯೊನ್ ಪಟ್ಟಣದ ಪ್ರಾಚ್ಯವಸ್ತು ಸಂಗ್ರಹಾಲಯದಲ್ಲಿ ಒಂದು ದಿನವೆಲ್ಲ ಇದ್ದೆವು. "ಒಡೆದ ಮಡಕೆಗಳನ್ನು ನೋಡುವುದಕ್ಕೆ ಅಷ್ಟು ದೂರ ಹೋಗಬೇಕಾಗಿತ್ತೇ?" ಎಂದು ಪೋಷಕರೊಬ್ಬರು ನಗುತ್ತ ಕೇಳಿದರು. ಆಗ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿರುವೆವು.

ಆರ್ಥರ್ ಇವಾನ್ಸ್ ಎಂಬ ಆಂಗ್ಲ ವಿದ್ವಾಂಸರು 1900ರಲ್ಲಿ ಕ್ನೋಸೊಸ್ ಎಂಬಲ್ಲಿ ಪುರಾತನವಾದೊಂದು ಅರಮನೆಯನ್ನು ಅಗೆಯಿಸಲಾರಂಭಿಸಿದರು. ಅಲ್ಲಿ ದೊರೆತ ಭಿತ್ತಿಚಿತ್ರದ ಚೂರುಗಳಲ್ಲಿ ನೀಲವರ್ಣದ ಆಕೃತಿಯೊಂದು ಕೇಸರಿ ಹೂಗಳ ನಡುವೆ ಬಾಗಿ ನಿಂತಿತ್ತು. ಅದು ಹೂ ಕೊಯ್ಯುವ ಹುಡುಗನೆಂದು ಇವಾನ್ಸರು ನಿರ್ಣಯಿಸಿದರು. ಇಲ್ಲದ ಭಾಗಗಳನ್ನು ಹಾಗೆಯೇ ಬರೆದು ಪೂರ್ತಿಗೊಳಿಸಲಾಯಿತು. ಬಹುಕಾಲದ ಮೇಲೆ ಪ್ಲಾಟೋನ್ ಎಂಬ ಗ್ರೀಕ್ ವಿದ್ವಾಂಸರು ಅದು ಹುಡುಗನಲ್ಲ, ಕೋತಿಯೆಂದು ತೋರಿಸಿಕೊಟ್ಟರು. ಆ ಕಾಲದ ಬೇರೆ ಚಿತ್ರಗಳಲ್ಲಿಯೂ ಕೋತಿಗಳ ಬಣ್ಣವು ನೀಲಿಯೇ.

ಲಿಲಿ ಹೂಗಳ ಕಿರೀಟವನ್ನು ಧರಿಸಿದ ಪ್ರಸಿದ್ಧ ರಾಜಕುಮಾರನ ಕಥೆಯೂ ಇಂಥದೇ. ದೊರೆತದ್ದು ಎದೆಯ ಒಂದು ಭಾಗ, ಕಾಲಿನ ಒಂದು ಭಾಗ, ಕಿರೀಟ, ಮುಖವೇ ಇಲ್ಲ. ಈ ತುಂಡುಗಳು ಒಬ್ಬನವೇ ಅಲ್ಲವೆಂದು ವಾದಿಸುವ ಪಂಡಿತರುಂಟು. ಗೋಡೆಯ ಹತ್ತಿರ ನಿಂತು ನೋಡಿದರೆ ಹಳೆಯ ಚೂರು ಯಾವುದು, ಹೊಸ ಪೂರಣ ಯಾವುದು ಎಂದು ಕಣ್ಣಿಗೆ ತಿಳಿಯುತ್ತದೆ. ನಾವು ಕೊಂಡು ತಂದ ಚಿತ್ರದ ಕಾರ್ಡಿನಲ್ಲಾದರೋ ಬೆಸುಗೆಯೇ ಕಾಣದು! ನಮ್ಮ ಪಠ್ಯಪುಸ್ತಕಗಳೂ ಬಹುಮಟ್ಟಿಗೆ ಆ ಕಾರ್ಡಿನಂತೆಯೇ ಇರುವುವೆಂಬುದು ನಮ್ಮ ಅಭಿಪ್ರಾಯ.

ಅಲ್ಲಿಯೇ 1908ರಲ್ಲಿ ಫೈಸ್ತೊಸ್ ಎಂಬಲ್ಲಿ ಸಿಕ್ಕಿದ ಮಣ್ಣಿನ ಬಿಲ್ಲೆಯಿದೆ. ಅಗಲವು ಸುಮಾರು 16 ಸೆಂಟಿಮೀಟರು. ಎರಡು ಮಗ್ಗುಲಲ್ಲಿಯೂ ಮುದ್ರೆಯೊತ್ತಿದ ಚಿಹ್ನೆಗಳು ಸುರುಳಿಯಾಗಿ ಸುತ್ತಿಕೊಂಡಿವೆ. ಎಲ್ಲರೂ ಒಪ್ಪುವಂತೆ ಅದನ್ನು ಇದುವರೆಗೆ ಯಾರೂ ಓದಿಲ್ಲ. ನಮ್ಮ ಪರೀಕ್ಷೆಯಲ್ಲಿ "ತಿಳಿದಿಲ್ಲ" ಎಂದು ಬರೆದವಳಿಗೆ ಸೊನ್ನೆ. ಅಲ್ಲಿ ಆ ಮಾತಿಗೆ ಗಾಜಿನ ಪೆಟ್ಟಿಗೆಯ ಮರ್ಯಾದೆ!

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಅನೇಕ ವರ್ಷಗಳ ಹಿಂದೆ ಚರಿತ್ರೆಯ ಪಾಠದಲ್ಲಿ ಒಬ್ಬ ಹುಡುಗಿ ಎದ್ದು, "ಹೀಗೆಂದು ಹೇಗೆ ಗೊತ್ತಾಯಿತಮ್ಮಾ?" ಎಂದು ಕೇಳಿದಳು. "ಪುಸ್ತಕದಲ್ಲಿದೆ, ಕುಳಿತುಕೋ" ಎಂದೆವು. ಅವಳು ಕುಳಿತಳು, ಆ ವರ್ಷವೆಲ್ಲ ಮತ್ತೇನೂ ಕೇಳಲಿಲ್ಲ. ಆ ನೀಲಿಯ ಕೋತಿಯ ಮುಂದೆ ನಿಂತಾಗ ಅವಳ ಮುಖವು ನೆನಪಿಗೆ ಬಂದು ನಾಚಿಕೆಯಾಯಿತು.

ಪೋಷಕರಲ್ಲಿ ನಮ್ಮ ವಿಜ್ಞಾಪನೆಯೊಂದಿದೆ. ನಿಮ್ಮ ಮಗಳು ಮನೆಗೆ ಬಂದು, "ಅಮ್ಮನವರು ಈ ದಿನ ತಮಗೆ ಗೊತ್ತಿಲ್ಲವೆಂದರು" ಎಂದು ಹೇಳಿದರೆ ಶಾಲೆಯ ಮಟ್ಟ ಇಳಿಯಿತೆಂದು ದಯವಿಟ್ಟು ತಿಳಿಯಬೇಡಿರಿ. ಜೂನ್ ತಿಂಗಳಿಂದ ಚರಿತ್ರೆಯ ಪಾಠದಲ್ಲಿ ಸಿಕ್ಕಿದ್ದೆಷ್ಟು, ಊಹಿಸಿದ್ದೆಷ್ಟು ಎಂದು ಕೇಳುವ ಕ್ರಮವನ್ನು ಆರಂಭಿಸುವೆವು. ಆ ಹುಡುಗಿಯು ಈಗ ಎಲ್ಲಿರುವಳೋ ನಾವರಿಯೆವು. ಈ ಸಂಚಿಕೆಯು ಅವಳ ಕೈಸೇರಿದರೆ ಒಂದು ಕಾಗದ ಬರೆಯಲಿ. ಅಂದಿನ ಪ್ರಶ್ನೆಗೆ ಉತ್ತರ ಕೊಡುವುದು ಬಾಕಿಯಿದೆ.