"ಇನ್ನೊಮ್ಮೆ ಹಾಕಿ ನೋಡುವಾ"

ಹೊಸದಾಗಿ ಜೋಡಿಸಿದ ಕಂಪ್ಯೂಟರಿಗೆ ವಿಂಡೋಸ್ ಹಾಕುವಾಗ ಅದು ಅರ್ಧದಲ್ಲಿ ನಿಂತರೆ ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕ ಎಲ್ಲಿ ಹೋದರೂ ಕೇಳಿಬರುವ ಮಾತು ಒಂದೇ: "ಇನ್ನೊಮ್ಮೆ ಹಾಕಿ ನೋಡುವಾ." ಅದೇ ಪೆನ್ ಡ್ರೈವ್, ಅದೇ ಪೋರ್ಟ್, ಅದೇ 'ನೆಕ್ಸ್ಟ್, ನೆಕ್ಸ್ಟ್'. ಪರದೆಯ ಮೇಲಿನ ಸಂದೇಶ ಓದುವ ಮೊದಲೇ ಬೆರಳು ಪವರ್ ಬಟನ್ ಒತ್ತಿಯಾಗಿರುತ್ತದೆ. ಮೂರನೆಯ ಸಲವೂ ನಿಂತಿತೋ, ತೀರ್ಪು ಸಿದ್ಧ: ಮದರ್‌ಬೋರ್ಡ್ ಹೋಗಿದೆ, ಮಂಗಳೂರಿಗೆ ಕಳಿಸಬೇಕು. ಇದನ್ನು ರಿಪೇರಿ ಎಂದು ಕರೆಯಬೇಡಿ. ದುಡ್ಡು ಕೊಟ್ಟವರಿಗೆ ಇದು ಮೋಸ.

ಅಡಿಕೆಗೆ ಮಹಾಳಿ ಬಂದರೆ ಗೊನೆ ನೋಡದೆ ಮದ್ದು ಬಿಡುವ ಕೃಷಿಕ ಈ ಜಿಲ್ಲೆಯಲ್ಲಿ ಸಿಗುವುದಿಲ್ಲ. ಅದೇ ಮನೆಯ ಮಗ ನಲವತ್ತು ಸಾವಿರದ ಸಿಸ್ಟಮ್ ಮುಂದೆ ಕೂತು ಕಣ್ಣೆದುರಿಗಿರುವ ಒಂದು ಸಾಲನ್ನು ಓದುವುದಿಲ್ಲ ಎಂದರೆ ಹೇಗೆ ಸಹಿಸುವುದು?

ಒಂದು ಉದಾಹರಣೆ. ಫೈಲುಗಳನ್ನು ಬಿಚ್ಚಿ ಹಾಕುವ ಹಂತದಲ್ಲಿ ಇನ್‌ಸ್ಟಾಲೇಷನ್ ನಿಂತು, 0x8007025D ಎಂಬ ಕೋಡ್ ಬರುತ್ತದೆ. ಬೇಕಾದ ಫೈಲುಗಳನ್ನು ಹಾಕಲು ಆಗುತ್ತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತಿದೆ. ಅನುಮಾನ ಮೊದಲು ಪೆನ್ ಡ್ರೈವ್ ಮತ್ತು ರ‍್ಯಾಮ್ ಮೇಲೆ, ಆಮೇಲೆ ಡಿಸ್ಕ್ ಮೇಲೆ. ಇಳಿಸಿದ ಐಎಸ್ಒ ಫೈಲಿನ ಚೆಕ್‌ಸಮ್ ತಾಳೆ ನೋಡಲು ಐದು ನಿಮಿಷ ಸಾಕು. ರಿಪೇರಿಯವರೇ, ನಿಮ್ಮಲ್ಲಿ ಎಷ್ಟು ಮಂದಿ ಅದನ್ನು ನೋಡಿದ್ದೀರಿ? ಬಯಾಸ್‌ನಲ್ಲಿ ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆಫ್ ಮಾಡಿ. ಎರಡು ರ‍್ಯಾಮ್‌ಗಳಲ್ಲಿ ಒಂದನ್ನು ತೆಗೆದು ಪ್ರಯತ್ನಿಸಿ, ಆಮೇಲೆ ಅದನ್ನು ಹಾಕಿ ಇನ್ನೊಂದನ್ನು ತೆಗೆದು. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ರ‍್ಯಾಮ್ ಹಾಕುವಾಗ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೇ ಹಾಕಬೇಕು. ಇದು ಮದರ್‌ಬೋರ್ಡಿನ ಜೊತೆ ಬರುವ ಪುಸ್ತಕದಲ್ಲಿದೆ. ಆ ಪುಸ್ತಕವನ್ನು ನೀವು ಪೆಟ್ಟಿಗೆಯ ಜೊತೆಗೇ ಗುಜರಿಗೆ ಹಾಕಿದ್ದೀರಿ. ರಾತ್ರಿ ಅಂಗಡಿ ಮುಚ್ಚುವಾಗ ಮೆಮ್‌ಟೆಸ್ಟ್86+ ಓಡಿಸಿಟ್ಟು ಹೋದರೆ ಬೆಳಿಗ್ಗೆ ರ‍್ಯಾಮಿನ ಜಾತಕ ಸಿಗುತ್ತದೆ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ. ಪೆನ್ ಡ್ರೈವ್, ರ‍್ಯಾಮ್, ಕೇಬಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ "ಸರಿಯಾಯಿತು" ಎನ್ನುವವನಿಗೆ ಏನು ಸರಿಯಾಯಿತೆಂದು ಗೊತ್ತಿರುವುದಿಲ್ಲ. ತೆಗೆದಿಟ್ಟ ಕೆಟ್ಟ ರ‍್ಯಾಮ್ ಮುಂದಿನ ವಾರ ಇನ್ನೊಬ್ಬರ ಸಿಸ್ಟಮ್ ಸೇರುತ್ತದೆ.

ಇನ್ನೊಂದು ಉದಾಸೀನವನ್ನು ಕ್ಷಮಿಸುವುದು ಇನ್ನೂ ಕಷ್ಟ. ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕುವಾಗ ಹಳೆಯ ಹಾರ್ಡ್ ಡಿಸ್ಕನ್ನು ಕಳಚದೆ ಹಾಗೇ ಬಿಡುವುದು. ಇನ್‌ಸ್ಟಾಲರ್ ಬೂಟ್ ಫೈಲುಗಳನ್ನು ಸದ್ದಿಲ್ಲದೆ ಹಳೆಯ ಡಿಸ್ಕಿನಲ್ಲಿ ಇಟ್ಟುಬಿಡಬಹುದು. ಆರು ತಿಂಗಳ ಮೇಲೆ ಆ ಡಿಸ್ಕ್ ತೆಗೆದ ದಿನ ಎಸ್‌ಎಸ್‌ಡಿ ಚೆನ್ನಾಗಿದ್ದೂ ಕಂಪ್ಯೂಟರ್ ಏಳುವುದಿಲ್ಲ. ಇದಕ್ಕಿಂತ ಘೋರವಾದದ್ದು, ಡಿಸ್ಕಿನ ವಿಭಾಗ ಪದ್ಧತಿ ಹೊಂದುತ್ತಿಲ್ಲವೆಂಬ ಜಿಪಿಟಿ–ಎಂಬಿಆರ್ ದೂರು ಬಂದ ಕೂಡಲೇ ಡಿಸ್ಕ್‌ಪಾರ್ಟ್ ತೆರೆದು ಡಿಸ್ಕಿನ ಸಂಖ್ಯೆ ನೋಡದೆ 'ಕ್ಲೀನ್' ಕೊಡುವುದು. ಆ ಒಂದು ಪದಕ್ಕೆ ಮನೆಯ ಮದುವೆಯ ಫೋಟೋ, ಜಾಗದ ಆಧಾರಪತ್ರದ ಸ್ಕ್ಯಾನ್, ಮಗಳ ಪ್ರಾಜೆಕ್ಟ್ ಹೋಗುತ್ತದೆ. "ಬ್ಯಾಕಪ್ ಇರಲಿಲ್ಲವಾ?" ಎಂದು ಗಿರಾಕಿಯನ್ನೇ ಗದರುವ ಧೈರ್ಯ ನಿಮಗೆ ಎಲ್ಲಿಂದ ಬಂತು? ಡೇಟಾ ಇರುವ ಡಿಸ್ಕಿನ ಕೇಬಲ್ ಎಳೆದಿಡುವುದು ಒಂದು ನಿಮಿಷದ ಕೆಲಸವಾಗಿತ್ತು.

ಎಸ್‌ಎಸ್‌ಡಿ ಕಾಣುತ್ತಿಲ್ಲ ಎಂದು ಅದನ್ನು ವಾಪಸು ಕಳಿಸುವವರೂ ಇದ್ದಾರೆ. ಇಂಟೆಲ್‌ನ ಹನ್ನೊಂದನೆಯ ತಲೆಮಾರಿನಿಂದ ಈಚೆಗೆ ಬಯಾಸ್‌ನಲ್ಲಿ ಡಿಸ್ಕುಗಳನ್ನು ನಿರ್ವಹಿಸುವ ವಿಎಂಡಿ ಆನ್ ಇದ್ದರೆ, ಅದರ ಡ್ರೈವರ್ ಕೊಡುವವರೆಗೆ ವಿಂಡೋಸ್ ಇನ್‌ಸ್ಟಾಲರಿಗೆ ಡಿಸ್ಕ್ ಕಾಣದೇ ಇರಬಹುದು. ಕೆಡದೇ ಇದ್ದ ವಸ್ತುವಿಗೆ ಕೆಟ್ಟದ್ದೆಂದು ಮುದ್ರೆ ಒತ್ತಿದಿರಿ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಆದರೂ ಅರ್ಥಿಂಗ್ ನೋಡುವವರಿಲ್ಲ. ತುಲಾಮಾಸದಲ್ಲಿ ಸಂಜೆಯ ಗುಡುಗಿಗೆ ಕರೆಂಟ್ ಹೋಗುವುದು ಇಲ್ಲಿ ಚಿಕ್ಕ ಮಗುವಿಗೂ ಗೊತ್ತು. ಅದೇ ಹೊತ್ತಿಗೆ ಯುಪಿಎಸ್ ಇಲ್ಲದೆ ಬಯಾಸ್ ಅಪ್‌ಡೇಟಿಗೆ ಕೂರುತ್ತೀರಿ. ಮಧ್ಯದಲ್ಲಿ ಕರೆಂಟ್ ಹೋದರೆ ಆಗ ನಿಜವಾಗಿಯೂ ಬೋರ್ಡ್ ಸಾಯಬಹುದು, ಸತ್ತರೆ ಕೊಂದವರು ನೀವು.

ಇಷ್ಟಾದ ಮೇಲೆ ಕ್ರ್ಯಾಕ್ ವಿಂಡೋಸ್. ಆಕ್ಟಿವೇಟರ್ ಓಡಿಸಲು ಡಿಫೆಂಡರ್ ಆಫ್ ಮಾಡುತ್ತೀರಿ, ಮತ್ತೆ ಆನ್ ಮಾಡಲು ನೆನಪಾಗುವುದಿಲ್ಲ. ಅದೇ ಸಿಸ್ಟಮಿನಲ್ಲಿ ಆ ಮನೆಯವರು ಬ್ಯಾಂಕಿನ ವ್ಯವಹಾರ ಮಾಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಹೊಸ ಬೋರ್ಡುಗಳಲ್ಲಿ ಅದು ಇದೆ, ಬಯಾಸ್‌ನಲ್ಲಿ ಆನ್ ಮಾಡಿದರಾಯಿತು. ಅಷ್ಟಕ್ಕೂ ಒಲ್ಲದೆ ವಿಂಡೋಸ್ 10ರ ಹಳೆಯ ಪೆನ್ ಡ್ರೈವನ್ನೇ ಚುಚ್ಚುತ್ತೀರಿ.

ಬೇರೆ ದಾರಿ ಇಲ್ಲ, ನಮಗೆ ಕಲಿಸಿದವರಿಲ್ಲ ಎಂಬ ನೆಪ ಕೇರಳದಲ್ಲಿ ನಡೆಯುವುದಿಲ್ಲ. ಶಾಲೆಗಳಿಗೆ ಕಂಪ್ಯೂಟರ್ ಕಲಿಕೆ ತಂದ ಐಟಿ@ಸ್ಕೂಲ್ ಯೋಜನೆ ಶುರುವಾದದ್ದು 2001ರಲ್ಲಿ, ಅದು ಕೈಟ್ ಸಂಸ್ಥೆಯಾದದ್ದು 2017ರಲ್ಲಿ. ಉಬುಂಟು ಆಧಾರಿತವಾದ, ಬಿಡಿಗಾಸು ಕೊಡಬೇಕಿಲ್ಲದ ಆಪರೇಟಿಂಗ್ ಸಿಸ್ಟಮ್ ಶಾಲೆಗಳಲ್ಲಿ ನಡೆಯುತ್ತಿದೆ. 2018ರಿಂದ ಶಾಲಾ ಮಕ್ಕಳ ಲಿಟಲ್ ಕೈಟ್ಸ್ ಐಟಿ ಕೂಟಗಳಿವೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಆ ಆಪರೇಟಿಂಗ್ ಸಿಸ್ಟಮಿನಲ್ಲೇ ಪಾಠ ಕಲಿತು ಬರುತ್ತಾರೆ. ಅವರು ಮನೆಗೆ ಬಂದರೆ ಹಿರಿಯರು ತೋರಿಸುವುದು ಕದ್ದ ಸಾಫ್ಟ್‌ವೇರ್. ಇಂಗ್ಲಿಷ್ ಸಂದೇಶ ಅರ್ಥವಾಗುವುದಿಲ್ಲ ಎನ್ನುವವರ ಜೇಬಿನಲ್ಲಿ, ಫೋಟೋ ತೆಗೆದರೆ ಕನ್ನಡದಲ್ಲಿ ಅರ್ಥ ಹೇಳುವ ಫೋನ್ ಇದೆ.

ಗಿರಾಕಿಗಳೇ, ನೀವೂ ಸಾಚಾ ಅಲ್ಲ. ಐನೂರು ರೂಪಾಯಿ ಕಡಿಮೆ ಮಾಡಲು ಅರ್ಧ ಗಂಟೆ ಚರ್ಚೆ ಮಾಡುತ್ತೀರಿ, ಒಳಗೆ ಏನು ಹಾಕಿದ್ದಾರೆಂದು ಅರ್ಧ ನಿಮಿಷ ಕೇಳುವುದಿಲ್ಲ. ರ‍್ಯಾಮ್ ಪರೀಕ್ಷೆ ಮಾಡಿದ್ದಾರಾ ಎಂದು ಕೇಳಿ. ಇನ್‌ಸ್ಟಾಲೇಷನ್ ಮೊದಲ ಸಲ ಯಾಕೆ ನಿಂತಿತು ಎಂದು ಕೇಳಿ. ಬಿಲ್ಲಿನಲ್ಲಿ ವಿಂಡೋಸಿಗೆ ಹಣ ಹಿಡಿದಿದ್ದರೆ ಅದರ ಕೀ ತೋರಿಸಲು ಹೇಳಿ. ತಡವರಿಸಿದರೆ ಹಣ ಕೊಡಬೇಡಿ.