ಕ್ಯಾಮೆರಾ ಕಣ್ಣು: ಎರಡು ಕಡ್ಡಿ, ಒಂದು ನೆರಳು

ಈ ವಾರ ಒಂದು ಕಾಗದ ಬಂದಿದೆ. ಬರೆದವನು ಬೆಂಗಳೂರಿನ ಒಂದು ಚೈನೀಸ್ ಹೋಟೆಲಿನಲ್ಲಿ ಸಪ್ಲೈಯರ್, ಇಪ್ಪತ್ತೊಂದರ ಹುಡುಗ. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾನೆ, ಹಾಕುವುದಿಲ್ಲ. ಸಾರಾಂಶ ಇಷ್ಟೇ: "ಛಾಯಾಗ್ರಾಹಕ ಆಗಬೇಕು ಸಾರ್. ಕೈಯಲ್ಲಿರೋದು ಹಳೇ ಮೊಬೈಲು. ಅಮ್ಮನ ಓಲೆ ಅಡವಿಟ್ಟು ದೊಡ್ಡ ಕ್ಯಾಮೆರಾ ತಗೋಬೇಕು ಅಂತಿದೀನಿ. ಅಮ್ಮ ಹೂಂ ಅಂದಿದ್ದಾಳೆ. ನಾನು ದಿನಾ ನೋಡೋದು ನೂಡಲ್ಸು, ಸೂಪು, ಚಾಪ್‌ಸ್ಟಿಕ್ಸು. ಇಲ್ಲಿ ಏನಂತ ಫೋಟೋ ತೆಗೀಲಿ?"

ಅಮ್ಮ ಹೂಂ ಅಂದಿದ್ದಾಳೆ! ಆ ಸಾಲು ಓದಿದ ಮೇಲೆ ನನಗೆ ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ. ತಮ್ಮಾ, ಗಿರವಿ ಅಂಗಡಿ ಮೆಟ್ಟಿಲು ಹತ್ತುವ ಮುಂಚೆ ಈ ಪುಟ ಓದು. ಮಿಕ್ಕ ಚಿತ್ರರಸಿಕರೂ ಪಕ್ಕದಲ್ಲಿ ಕೂತುಕೊಳ್ಳಿ.

ಚಾಪ್‌ಸ್ಟಿಕ್ಸ್‌ನಲ್ಲಿ ಏನಿದೆ ಅಂದೆಯಲ್ಲ? ತೊಶಿರೊ ಮಿಫುನೆ ಗೊತ್ತೇ? 'ಸೆವೆನ್ ಸಮುರಾಯ್' ಚಿತ್ರದ ಗಂಡುಗಲಿ. 1956ರಲ್ಲಿ ಹಿರೋಶಿ ಇನಾಗಾಕಿ ತೆಗೆದ 'ಸಮುರಾಯ್' ಸರಣಿಯ ಮೂರನೆಯ ಚಿತ್ರದಲ್ಲಿ ಅವನೇ ಖಡ್ಗವೀರ ಮುಸಾಶಿ. ಜಗಳ ಕಾಯಲು ಗೂಳಿಯಂತೆ ಬರುತ್ತಾರೆ ಎದುರಾಳಿಗಳು. ಮುಸಾಶಿ ಕತ್ತಿಗೆ ಕೈ ಹಾಕುವುದಿಲ್ಲ! ಚಾಪ್‌ಸ್ಟಿಕ್ಸ್‌ನಲ್ಲಿ ಹಾರುವ ನೊಣ ಹಿಡಿಯುತ್ತಾನೆ... ಅಷ್ಟೇ. ಬಂದವರ ಮುಖ ಇಳಿದುಹೋಗುತ್ತದೆ. ಒಂದು ಏಟೂ ಬೀಳದ ಫೈಟಿಂಗ್ ಸೀನ್!

ಅದೇ ನೊಣ 1984ರಲ್ಲಿ ಹಾಲಿವುಡ್ಡಿಗೂ ಹಾರಿತು. 'ದಿ ಕರಾಟೆ ಕಿಡ್' ನೋಡಿದವರು ಮರೆಯಲಾರರು. ಗುರು ಮಿಯಾಗಿ ಕಡ್ಡಿ ಹಿಡಿದು ಪಾಡು ಪಡುತ್ತಿದ್ದರೆ, ನಿನ್ನೆ ಮೊನ್ನೆ ಬಂದ ಶಿಷ್ಯ ಗಬಕ್ಕನೆ ಹಿಡಿದೇಬಿಡುತ್ತಾನೆ. ಗುರುವಿನ ಮುಖ ನೋಡಬೇಕು ಆಗ! ಆ ಪಾತ್ರ ಮಾಡಿದ ಪ್ಯಾಟ್ ಮೊರಿಟಾಗೆ ಆಸ್ಕರ್ ನಾಮಕರಣ ಸಿಕ್ಕಿತು. 2010ರ ಹೊಸ ಅವತಾರದಲ್ಲಿ ಜಾಕಿ ಚಾನ್ ಸಾಹೇಬರು ಕಡ್ಡಿ ಎತ್ತುತ್ತಾರೆ, ನೊಣ ಸುತ್ತುತ್ತದೆ, ನಾವೆಲ್ಲ ಉಸಿರು ಹಿಡಿದು ಕೂತಿದ್ದರೆ... ಫಟ್! ನೊಣ ಹೊಡೆಯುವ ಬ್ಯಾಟಿನಲ್ಲಿ ಒಂದು ಬಾರಿಸಿ, ಅಂಟಿಕೊಂಡಿದ್ದನ್ನು ಕಡ್ಡಿಯಿಂದ ಬಿಡಿಸುತ್ತಾರೆ. ಹಳೆಯ ಚಿತ್ರ ನೋಡಿದವನಿಗೆ ಮಾತ್ರ ಪೂರ್ತಿ ನಗು ಬರುವ ಜೋಕು ಅದು.

ಫೋಟೋ ತೆಗೆಯುವವನಿಗೆ ವಸ್ತುವಿನ ಪರಿಚಯ ಬೇಕು. ನೀನು ದಿನಾ ಟೇಬಲ್ಲಿಗೆ ಇಡುವ ಕಡ್ಡಿಯನ್ನೇ ತಗೋ. ಚೀನಾದ್ದು ಉದ್ದ, ತುದಿ ಮೊಂಡು. ನಡುವೆ ಇಟ್ಟ ತಟ್ಟೆಗೆ ಎಲ್ಲರ ಕೈಯೂ ಎಟುಕಬೇಕಲ್ಲ! ಜಪಾನಿನದು ಗಿಡ್ಡ, ತುದಿ ಚೂಪು. ಮೀನಿನ ಮುಳ್ಳು ಬಿಡಿಸಲು ಅನುಕೂಲ. ಕೊರಿಯಾದವರದು ಲೋಹದ್ದು, ಚಪ್ಪಟೆ. ಬೆಳಕು ಬಿದ್ದರೆ ಮಿಂಚುತ್ತದೆ, ಫೋಟೋಗೆ ಅದೇ ತಲೆನೋವು, ಅದೇ ಚೆಂದ.

ಇನ್ನೊಂದು ಮಾತು, ಗಟ್ಟಿಯಾಗಿ ನೆನಪಿಟ್ಟುಕೋ. ಅನ್ನದ ಬಟ್ಟಲಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಿ ಫೋಟೋ ತೆಗೆಯಬೇಡ. ಎಷ್ಟೋ ಜನ ಸ್ಟೈಲು ಅಂತ ತೆಗೆಯುತ್ತಾರೆ! ಜಪಾನಿನಲ್ಲಿ ಹಾಗೆ ನಿಲ್ಲಿಸುವುದು ಸತ್ತವರ ಮುಂದಿಡುವ ಅನ್ನಕ್ಕೆ. ಚೀನಾದವರಿಗೂ ಅದು ಸತ್ತವರಿಗೆ ಹಚ್ಚುವ ಊದುಬತ್ತಿಯ ನೆನಪು ತರುತ್ತದೆ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸುವುದೂ ಜಪಾನಿನಲ್ಲಿ ನಿಷಿದ್ಧ. ಶವ ಸುಟ್ಟ ಮೇಲೆ ಅಸ್ಥಿ ಎತ್ತುವುದು ಹಾಗೆ. ನಮ್ಮೂರಲ್ಲಿ ಯಾರೋ ಪರದೇಶಿ ಬಂದು ತಿಥಿ ಪಿಂಡವನ್ನು ಹುಟ್ಟುಹಬ್ಬದ ಎಲೆಗೆ ಬಡಿಸಿದರೆ ಹೇಗಿರುತ್ತೆ, ಹಾಗೆ.

ಈಗ ಕ್ಯಾಮೆರಾ ಮಾತು. 1928ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಹಂಗೇರಿಯ ಆಂದ್ರೆ ಕರ್ತೇಶ್ ಒಂದು ಫೋಟೋ ತೆಗೆದ. ಹೆಸರು 'ಫೋರ್ಕ್'. ಚಿತ್ರದಲ್ಲಿರುವುದೂ ಅದೇ! ತಟ್ಟೆಯ ಅಂಚಿಗೆ ಒರಗಿಸಿದ ಒಂದು ಮುಳ್ಳುಚಮಚ, ಅದರ ನೆರಳು. ನಾಯಕಿಯಿಲ್ಲ, ಜಲಪಾತವಿಲ್ಲ. ಸುಮಾರು ನೂರು ವರ್ಷವಾದರೂ ಫೋಟೋಗ್ರಫಿ ಕಲಿಯುವವರು ಅದನ್ನು ನೋಡುತ್ತಲೇ ಇದ್ದಾರೆ. ಅವನಿಗೆ ಸಿಕ್ಕಿದ್ದು ಒಂದು ಫೋರ್ಕು. ನಿನ್ನ ಹತ್ತಿರ ಡಬ್ಬಿಗಟ್ಟಲೆ ಕಡ್ಡಿ ಇದೆಯಲ್ಲ ಮಾರಾಯ!

ಮಧ್ಯಾಹ್ನದ ಗಿರಾಕಿ ಮುಗಿದು ಸಂಜೆಯ ಗಿರಾಕಿ ಶುರುವಾಗುವ ಮುಂಚೆ ಹೋಟೆಲಿನಲ್ಲಿ ಒಂದೆರಡು ಗಂಟೆ ಬಿಡುವಿರುತ್ತೆ. ಪಡುವಣ ಕಿಟಕಿ ಹುಡುಕು. ಟ್ಯೂಬ್‌ಲೈಟ್ ಆರಿಸು. ಬಿಳಿ ಹಾಳೆ ಹಾಸಿ, ಒಂದು ಬಟ್ಟಲಿಟ್ಟು, ಅದರ ಅಂಚಿಗೆ ಎರಡು ಕಡ್ಡಿ ಒರಗಿಸು. ಓರೆ ಬಿಸಿಲಿಗೆ ನೆರಳು ಕಡ್ಡಿಗಿಂತ ಉದ್ದವಾಗುತ್ತೆ. ಬಟ್ಟಲಿನ ಮೇಲೆ ಹಾಯುವಾಗ ಬಿಲ್ಲಿನಂತೆ ಬಾಗುತ್ತೆ. ಕಡ್ಡಿ ನೆಟ್ಟಗೆ, ನೆರಳು ಸೊಟ್ಟಗೆ... ನೋಡಿದೆಯಾ, ಆಗಲೇ ಕಥೆ ಶುರುವಾಯಿತು! ಮೊಬೈಲಿನ ಪರದೆ ಮೇಲೆ ಬೆರಳು ಒತ್ತಿ ಹಿಡಿದು ಬೆಳಕು ಸ್ವಲ್ಪ ಇಳಿಸು, ನೆರಳು ಕಪ್ಪಾಗಿ ನಿಲ್ಲುತ್ತೆ. ಬಿಸಿಲು ಚುಚ್ಚಿದರೆ ಕಿಟಕಿಗೆ ಬಿಳಿ ಪಂಚೆ ಕಟ್ಟು. ಎದುರು ಬದಿ ತೀರಾ ಕತ್ತಲಾದರೆ ಒಂದು ಥರ್ಮಾಕೋಲ್ ಹಿಡಿ. ದೊಡ್ಡ ದೊಡ್ಡ ಸೆಟ್ಟಿನಲ್ಲೂ ಲೈಟ್‌ಬಾಯ್‌ಗಳು ಹಿಡಿಯುವುದು ಅದನ್ನೇ. ಆಮೇಲೆ ಕಡ್ಡಿಯನ್ನು ನೀರಿನ ಗ್ಲಾಸಿನಲ್ಲಿ ಇಳಿಸಿ ನೋಡು. ಮುರಿದಂತೆ ಕಾಣುತ್ತೆ. ಟ್ರಿಕ್ ಫೋಟೋಗ್ರಫಿ, ಖರ್ಚು ಸೊನ್ನೆ!

ಒಂದು ಕಡ್ಡಿ ಜೋಡಿಗೆ ಹತ್ತು ಫೋಟೋ ಅಲ್ಲ, ನೂರು ತೆಗಿ. ಮೊದಲ ಮೂವತ್ತು ಎಲ್ಲರೂ ತೆಗೆಯುವಂಥವೇ ಬರುತ್ತವೆ, ಬೇಜಾರಾಗಬೇಡ.

ಜಪಾನಿನ ತನಾಕಾ ತತ್ಸುಯಾ ಅನ್ನುವವನು 2011ರ ಏಪ್ರಿಲ್‌ನಿಂದ ದಿನಕ್ಕೊಂದರಂತೆ ಫೋಟೋ ಪ್ರಕಟಿಸಲು ಶುರು ಮಾಡಿದ. ಮನೆಯ ಸಾಮಾನು, ತರಕಾರಿ, ಜೊತೆಗೆ ಬೆರಳುದ್ದವೂ ಇಲ್ಲದ ಪುಟಾಣಿ ಬೊಂಬೆಗಳು. ಬ್ರೊಕೊಲಿ ಅವನ ಕೈಯಲ್ಲಿ ಮರವಾಗುತ್ತದೆ! 2017ರಲ್ಲಿ ಜಪಾನಿನ ಎನ್.ಎಚ್.ಕೆ. ಟಿವಿಯ 'ಹಿಯೊಕ್ಕೊ' ಧಾರಾವಾಹಿಗೆ ಟೈಟಲ್ ದೃಶ್ಯ ಮಾಡಲು ಅವನನ್ನೇ ಕರೆದರು.

ಅಷ್ಟು ದೂರ ಯಾಕೆ? ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಸ್ಟುಡಿಯೋದ ಕತ್ತಲಿಗೆ ಆ ಬೆಳಕಿನ ಕಂಬ ಇಳಿಸಿದ್ದು ಕನ್ನಡಿಗಳಿಂದ. ಹೊರಗಿನ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಗೆ ತಿರುಗಿಸಿದರು. ಕಡೆಗೆ 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರ ಮನೆ ಬಾಗಿಲಿಗೆ ಬಂತು.

ದೊಡ್ಡ ಕ್ಯಾಮೆರಾ ಬೇಡವೇ ಬೇಡ ಅನ್ನುತ್ತಿಲ್ಲ. ಒಂದು ದಿನ ಬೇಕಾಗುತ್ತೆ, ಕತ್ತಲಲ್ಲಿ ನಿನ್ನ ಮೊಬೈಲು ಕೈ ಕೊಡುವುದೂ ನಿಜ. ಆದರೆ ಆರು ತಿಂಗಳು ತಡೆ. ಈ ಕಿಟಕಿ, ಈ ಕಡ್ಡಿ, ಈ ಬಟ್ಟಲು... ಇಷ್ಟರಲ್ಲೇ ತೆಗೆದ ಹನ್ನೆರಡು ಚಿತ್ರ ಆರಿಸಿ ನಮ್ಮ ಆಫೀಸಿಗೆ ಕಳಿಸು. ಚೆನ್ನಾಗಿದ್ದರೆ ಇದೇ ಪುಟದಲ್ಲಿ ಹಾಕುತ್ತೇನೆ, ಚೆನ್ನಾಗಿಲ್ಲದಿದ್ದರೆ ಬೈದು ಬರೆಯುತ್ತೇನೆ. ಹದಿಮೂರನೆಯದಾಗಿ, ಓಲೆ ಹಾಕಿಕೊಂಡ ಅಮ್ಮನ ಒಂದು ಫೋಟೋ ಇರಲಿ. ಅದೇ ಕಿಟಕಿ ಬೆಳಕಿನಲ್ಲಿ.