ಆ ಅಜ್ಜಿ ಯಾರ ಮನೆಯವಳು?

ಉಪ್ಪಿನಕಾಯಿ ಬಾಟಲಿ, ಸಾರಿನ ಪುಡಿಯ ಪ್ಯಾಕೆಟ್, ಗಾಣದೆಣ್ಣೆಯ ಕ್ಯಾನು, ಸೀರೆ ಅಂಗಡಿಯ ಚೀಲ, ಯಾವುದನ್ನು ತಿರುಗಿಸಿದರೂ ಅವೇ ಸಾಲುಗಳು. ‘ಗುಣಮಟ್ಟಕ್ಕೆ ಮತ್ತೊಂದು ಹೆಸರು.’ ‘ಗ್ರಾಹಕರೇ ನಮ್ಮ ದೇವರು.’ ‘ಅಜ್ಜಿಯ ಕೈರುಚಿ.’ ಹೆಸರು ಮುಚ್ಚಿ ಓದಿದರೆ ಯಾವ ಅಂಗಡಿಯದೆಂದು ಯಜಮಾನರಿಗೇ ಗೊತ್ತಾಗಲಿಕ್ಕಿಲ್ಲ. ಆ ಅಜ್ಜಿಯಂತೂ ಕನ್ನಡಕ, ನಗು, ಬೆಳ್ಳಿಕೂದಲ ಸಮೇತ ಇಂಟರ್ನೆಟ್ಟಿನಿಂದ ಇಳಿದು ಬಂದವಳು. ನಿಮ್ಮ ಅಡುಗೆಮನೆಯಲ್ಲಿ ಒಂದು ದಿನವೂ ಮಸಾಲೆ ಅರೆದವಳಲ್ಲ.

ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ನಮ್ಮ ಮಾಲೇ ಮಾತಾಡುತ್ತೆ ಬಿಡಿ ಸಾರ್.’ ಮಾತಾಡುವುದಿಲ್ಲ. ಪಕ್ಕದಲ್ಲೇ ಅದರ ನಕಲು ನೂರು ರೂಪಾಯಿ ಕಡಿಮೆಗೆ ಕೂತಿರುತ್ತದೆ, ಗಿರಾಕಿ ಅದನ್ನೇ ಎತ್ತಿಕೊಂಡು ಹೋಗುತ್ತಾನೆ. ಇದನ್ನು ವಿನಯ ಎಂದು ಕರೆದುಕೊಳ್ಳಬೇಡಿ; ಶುದ್ಧ ಸೋಮಾರಿತನ. ಪ್ರಿಂಟಿಂಗ್ ಪ್ರೆಸ್ಸಿನ ಹುಡುಗನಿಗೆ ‘ನೀನೇ ಏನಾದ್ರೂ ಚೆನ್ನಾಗಿರೋದು ಹಾಕಪ್ಪ’ ಎಂದು ಹೇಳಿ ಬಂದವರು, ಆಮೇಲೆ ಗಿರಾಕಿ ನಿಲ್ಲುತ್ತಿಲ್ಲ ಎಂದು ಗೊಣಗುವುದು ಯಾವ ನ್ಯಾಯ? ಮೊದಲ ಮಳೆಗಾಲದಲ್ಲಿ ಬೂಷ್ಟು ಹಿಡಿದು ಚರಂಡಿಗೆ ಸುರಿದ ಮಾವಿನಕಾಯಿ, ಸಾಲ ಕೊಡದ ಸೋದರಮಾವ, ಆ ನಂತರ ಉಪ್ಪಿನ ಅಳತೆ ಬದಲಿಸಿದ್ದು, ಅಂಗಡಿಯ ಇಂಥ ನಿಜವಾದ ಕಥೆಗಳೆಲ್ಲ ಮದುವೆಮನೆಯ ಹರಟೆಗೆ ಆಗುತ್ತವೆ. ಗಿರಾಕಿಯ ಮುಂದೆ ಮಾತ್ರ ‘ಉತ್ಕೃಷ್ಟ’, ‘ವಿಶ್ವಾಸಾರ್ಹ’.

ಬೆಂಗಳೂರಿನ ಎಂಟಿಆರ್ ನೋಡಿ. 1924ರಲ್ಲಿ ಶುರುವಾದ ಹೋಟೆಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದ ಕಥೆಯನ್ನು ಇವತ್ತಿಗೂ ತಿನ್ನುವವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ದರ ಕಟ್ಟಿತು. ಎಂಟಿಆರ್‌ನವರು ತುಪ್ಪಕ್ಕೆ ಕೈ ಬಿಗಿ ಮಾಡದೆ ಅದೇ ದರಕ್ಕೆ ಬಡಿಸಿ, ಆದ ನಷ್ಟವನ್ನು ಹೊರಗೆ ಬೋರ್ಡಿನ ಮೇಲೆ ಬರೆದು ಹಾಕಿದರು. ಕೊನೆಗೆ ಹೋಟೆಲನ್ನೇ ಕೆಲವು ವರ್ಷ ಮುಚ್ಚಿ ದಿಢೀರ್ ತಿಂಡಿಯ ಪುಡಿಗಳನ್ನು ಮಾರಲು ನಿಂತರು. ‘ನಂ. 1’ ಎಂದು ಬೋರ್ಡು ಬರೆಸಲು ಪೇಂಟರ್ ಸಾಕು. ನಷ್ಟದ ಲೆಕ್ಕ ಬರೆಯಲು ಎದೆ ಬೇಕು, ಮತ್ತು ಅದನ್ನು ಎದುರಂಗಡಿಯವನು ಕದಿಯಲಾರ.

ಇಳಕಲ್ ಸೀರೆ ಮಾರುವವರ ಮೇಲಂತೂ ನನಗೆ ಇನ್ನೂ ಸಿಟ್ಟು. ಕೈಮಗ್ಗದ ಇಳಕಲ್ಲಿಗೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಯ ಕುಣಿಕೆಗೆ ಸೆರಗಿನ ಕೆಂಪು ರೇಷ್ಮೆಯ ಕುಣಿಕೆಯನ್ನು ಒಂದೊಂದಾಗಿ ಸಿಕ್ಕಿಸುತ್ತಾ ಹೋಗಬೇಕು. ಅದೇ ಕೊಂಡಿ. ಹಾಗಾಗಿ ಒಂದು ಹಾಸಿನಲ್ಲಿ ಒಂದೇ ಸೀರೆ. ಉದ್ದನೆಯ ಹಾಸು ಹೂಡಿ ಸಾಲಾಗಿ ಸೀರೆ ಇಳಿಸುವ ಮಾತೇ ಇಲ್ಲ. ಇಷ್ಟೆಲ್ಲ ಇರುವ ಬಟ್ಟೆಯನ್ನು ಗಿರಾಕಿಯ ಮುಂದೆ ಹರವಿ ಇವರು ಹೇಳುವುದೇನು? ‘ಪ್ಯೂರ್ ಐತ್ರಿ ಅಕ್ಕಾರ, ಕಲರ್ ಗ್ಯಾರಂಟಿ.’ ಪವರ್‌ಲೂಮಿನ ನಕಲು ಮಾರುವವನೂ ಅದನ್ನೇ ಹೇಳುತ್ತಾನೆ, ಇವರಿಗಿಂತ ಜೋರಾಗಿ. ಸೆರಗು ಒಡಲು ಕೂಡುವ ಜಾಗವನ್ನು ಬೆರಳಿಟ್ಟು ತೋರಿಸಲು ಎರಡು ನಿಮಿಷ ಹಿಡಿಯುವುದಿಲ್ಲ.

ಯಾಕೆ ತೋರಿಸುವುದಿಲ್ಲ? ಎಲ್ಲವೂ ಸೋಮಾರಿತನವಲ್ಲ. ಕೊಂಡಿಯ ಕಥೆ ಹೇಳಿದರೆ ಅದನ್ನು ಹಾಕಿದ ಕೈ ಯಾರದು ಎನ್ನುವ ಪ್ರಶ್ನೆ ಬರುತ್ತದೆ, ಅದರ ಹಿಂದೆಯೇ ಆ ಕೈಗೆ ಸಿಕ್ಕ ಕೂಲಿ ಎಷ್ಟು ಎನ್ನುವುದೂ. ಬಾಡಿಗೆ ಅಜ್ಜಿಯ ಅನುಕೂಲವೇ ಅದು, ಅವಳು ಕೂಲಿ ಕೇಳುವುದಿಲ್ಲ. ಗಿರಾಕಿ ಕೇಳಲಿ. ಉತ್ತರ ಕೊಡಲು ನಾಚಿಕೆಯಾಗುವುದಾದರೆ ಮೊದಲು ಕೂಲಿ ಹೆಚ್ಚಿಸಿ. ಚೀಲವನ್ನು ಆಮೇಲೆ ಅಚ್ಚು ಹಾಕಿಸುವಿರಂತೆ.